ಆರ್ಡಿಸ್ ಹುಲ್ಲು ಕತ್ತರಿಸುವುದನ್ನು ಬಿಟ್ಟದ್ದು

ಅಯೋವಾದ ಜೋಳದ ಹೊಲಗಳ ನಡುವೆ, ಜಲ್ಲಿರಸ್ತೆಯ ತಿರುವಿನಲ್ಲಿ ಒಂದೂವರೆ ಎಕರೆಯ ಹಳೆಯ ಸ್ಮಶಾನ. ಅಲ್ಲಿ ಹುಲ್ಲು ಕತ್ತರಿಸುವುದು ಇಪ್ಪತ್ತೆರಡು ವರ್ಷಗಳಿಂದ ಆರ್ಡಿಸ್ ಟೋಲೆಫ್ಸನ್ ತಾನೇ ವಹಿಸಿಕೊಂಡಿದ್ದ ಕೆಲಸ. ವಾರವಿಡೀ ಶಾಲೆಯ ಬಸ್ಸು ಓಡಿಸಿ, ಶನಿವಾರ ಬೆಳಿಗ್ಗೆ ಯಂತ್ರ ತಂದು ಚಾಪೆ ಹಾಸಿದ ಹಾಗೆ ನುಣ್ಣಗೆ ಮಾಡಿ ಹೋಗುವಳು. ಅಲ್ಲಿ ಮೂಲೆಯಲ್ಲಿ ಅವಳ ತಮ್ಮ ರಾಯ್ ಮಲಗಿದ್ದಾನೆ, ನಾಲ್ಕು ವರ್ಷಕ್ಕೇ ಜ್ವರ ಬಂದು ಹೋದವನು. ಅವನ ಸಮಾಧಿಕಲ್ಲಿನ ಸುತ್ತ ಮಾತ್ರ ಮಂಡಿಯೂರಿ ಕತ್ತರಿಯಲ್ಲಿ ಸವರುವಳು.

ಅರವತ್ತೇಳನೆಯ ವಯಸ್ಸಿನಲ್ಲಿ ಹಿಮದ ಮೇಲೆ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ಆ ಬೇಸಿಗೆ ಸ್ಮಶಾನದ ಕಡೆ ತಲೆಹಾಕಲಾಗಲಿಲ್ಲ. ರಾಯ್ ಅನಾಥನಾದ ಎಂದು ಅಡುಗೆಮನೆಯಲ್ಲಿ ಕೂತು ಕೊರಗಿದಳು.

ಜುಲೈನಲ್ಲಿ ಡೆಲ್ಮರ್ ಪೆಟ್ರಿಕ್ ಬಾಗಿಲು ತಟ್ಟಿದ. ಕಾಡುಹೂಗಳನ್ನು ಕಾಪಾಡುವ ಊರಿನ ಸ್ವಯಂಸೇವಕರ ಗುಂಪಿನವನು. ಐವತ್ತು ದಾಟಿದ್ದರೂ ಆರ್ಡಿಸ್‌ಗೆ ಅವನು ಇನ್ನೂ ತನ್ನ ಬಸ್ಸಿನ ಹುಡುಗನೇ.

"ಮಿಸೆಸ್ ಟೋಲೆಫ್ಸನ್, ಒಂದು ಮಾತು ಕೇಳೋಕೆ ಬಂದೆ. ಸ್ಮಶಾನದಲ್ಲಿ ಇನ್ಮೇಲೆ ಹುಲ್ಲು ಕತ್ತರಿಸ್ಬೇಡಿ."

"ದಿನಾ ಬಸ್ಸಿಗೆ ತಡವಾಗಿ ಬರ್ತಿದ್ದೋನು, ಈಗ ನನಗೇ ಬುದ್ಧಿ ಹೇಳೋಕೆ ಬಂದ್ಯಾ? ಸತ್ತವರಿಗೆ ಮರ್ಯಾದೆ ಬೇಡ್ವಾ?"

"ಒಂದ್ಸಲ ಬಂದು ನೋಡಿ. ಆಮೇಲೆ ಎಷ್ಟು ಬೇಕಾದ್ರೂ ಬೈರಿ."

ಅವನ ಕಾರಿನಲ್ಲಿ ಹೋದಳು. ಊರುಗೋಲು ಊರಿಕೊಂಡು ಇಳಿದವಳು ಗೇಟಿನಲ್ಲೇ ನಿಂತುಬಿಟ್ಟಳು. ಸೊಂಟದೆತ್ತರದ ಹುಲ್ಲು, ಅದರ ತುಂಬ ನೇರಳೆ ಹೂ, ಹಳದಿ ಹೂ, ಜೇನಿನ ಗುಂಯ್ ಸದ್ದು. ರಾಯ್‌ನ ಕಲ್ಲಿಗೆ ಒತ್ತಿಕೊಂಡು ಕಿತ್ತಳೆ ಬಣ್ಣದ ಗೊಂಚಲುಗಳು.

"ಇವನ್ನ ಯಾರು ನೆಟ್ಟಿದ್ದು?"

"ಯಾರೂ ಇಲ್ಲ. ಈ ನೆಲಕ್ಕೆ ನೇಗಿಲು ಬಿದ್ದೇ ಇಲ್ಲ. ನಮ್ಮ ಮುತ್ತಜ್ಜಂದಿರು ಬರೋಕೆ ಮುಂಚಿನಿಂದ ಬೇರು ಒಳಗೇ ಇದೆ."

ಆರ್ಡಿಸ್ ಊರುಗೋಲು ಊರುತ್ತ ಆ ಕಲ್ಲಿನ ಹತ್ತಿರ ಹೋದಳು. ರಾಯ್‌ನನ್ನು ಮಣ್ಣು ಮಾಡಿದಾಗ ಅವಳಿಗೆ ಏಳು ವರ್ಷ. ಅಮ್ಮ ಇಲ್ಲೇ ಬಗ್ಗಿ, ಇದೇ ಕಿತ್ತಳೆ ಹೂ ಕಿತ್ತು ಅವಳ ಕೈಗಿಟ್ಟು, "ತಮ್ಮನಿಗೆ ಹಾಕಮ್ಮ" ಎಂದಿದ್ದಳು. ಅರವತ್ತು ವರ್ಷ ಅದು ನೆನಪಿಗೇ ಬಂದಿರಲಿಲ್ಲ.

"ಇಷ್ಟು ವರ್ಷ ಅಮ್ಮನ ಹೂವನ್ನೇ ಸವರಿ ಹಾಕಿದೆನಲ್ಲೋ ಡೆಲ್ಮರ್" ಎಂದು ಅತ್ತಳು.

"ಸವರಿದ್ರಿ, ನಿಜ. ಆದ್ರೆ ಅಗೆದಿಲ್ಲ, ಕಳೆನಾಶಕ ಹೊಡೆದಿಲ್ಲ. ಅದಕ್ಕೇ ಉಳ್ಕೊಂಡಿವೆ" ಎಂದು ಅವನು ಅವಳ ತೋಳು ಹಿಡಿದುಕೊಂಡ.

ಯಂತ್ರವನ್ನು ಮಾರಿಬಿಟ್ಟಳು. ಅಕ್ಟೋಬರಿನಲ್ಲಿ ಒಣಗಿದ ಹೂ ಉಜ್ಜಿ ಬೀಜ ಕೂಡಿಸುವುದು, ಏಪ್ರಿಲ್‌ನಲ್ಲಿ ಹೊಸ ಚಿಗುರು ಬರಲೆಂದು ಒಣಹುಲ್ಲಿಗೆ ಹದವಾಗಿ ಬೆಂಕಿ ಕೊಡುವುದು, ಹೊರಗಿನಿಂದ ನುಗ್ಗಿದ ಕಳೆ ಕೀಳುವುದು, ಎಲ್ಲ ಕಲಿತಳು. ಸ್ಮಶಾನ ಹಾಳು ಬಿಟ್ಟಿದ್ದೀರಿ ಎಂದು ಕೂಗಾಡಿದವರನ್ನು ಹೂಗಾಲದಲ್ಲಿ ಕರೆತಂದು ನಿಲ್ಲಿಸಿದಳು. ಅರ್ಧ ಜನ ಬಾಯಿ ಮುಚ್ಚಿಕೊಂಡರು, ಮೂವರು ಕೈಗವಸು ತೊಟ್ಟು ಗುಂಪಿಗೇ ಸೇರಿದರು.

ಈಗ ಆರ್ಡಿಸ್‌ಗೆ ಎಪ್ಪತ್ತಾರು. ಶನಿವಾರ ಮಡಿಚುವ ಕುರ್ಚಿ ಹಾಕಿಕೊಂಡು, ಥರ್ಮಾಸಿನ ಕಾಫಿ ಹೀರುತ್ತ ಕೂರುತ್ತಾಳೆ. ಸೊಂಟ ಬಗ್ಗುವುದಿಲ್ಲ, ಬಾಯಿಗೆ ಮಾತ್ರ ಏನೂ ಆಗಿಲ್ಲ.

"ಏಯ್ ಡೆಲ್ಮರ್, ಕೈ ತೆಗಿ! ಅದು ಕಳೆಯಲ್ಲ ಕಣೋ, ಇನ್ನೂ ಮೊಗ್ಗು ಬಿಟ್ಟಿಲ್ಲ ಅಷ್ಟೆ."

"ಸರಿ, ಮಿಸೆಸ್ ಟೋಲೆಫ್ಸನ್" ಎಂದು ಡೆಲ್ಮರ್ ಪಕ್ಕದ ಗಿಡಕ್ಕೆ ಸರಿಯುತ್ತಾನೆ.