ಟರ್ಬೊ ಬಾಯಲ್ಲಿ ಪಿಳ್ಳಪ್ಪನವರ ಅಂಗಿ

ಪಿಳ್ಳಪ್ಪನವರನ್ನು ನಾನು ಮೊದಲ ಸಲ ನೋಡಿದಾಗ ಅವರ ಮೈಮೇಲೆ ಅಂಗಿ ಇರಲಿಲ್ಲ. ಅಂಗಿ ಒಂದು ಲಾರಿಯ ಬಾಯಲ್ಲಿತ್ತು.

ಕೃಷ್ಣರಾಜಪುರದಲ್ಲಿ ಹಳೇ ಮದರಾಸು ರಸ್ತೆಯಿಂದ ಒಳಕ್ಕೆ ತಿರುಗಿದರೆ ಸಿಗುವ ಓಣಿಯ ಕೊನೆಯಲ್ಲಿ ಅವರ ಶೆಡ್ಡು. ಡಿಸೆಂಬರ್ ಬೆಳಗಿನ ಚಳಿಯಲ್ಲಿ ನಾನು ಸ್ವೆಟರ್ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದೆ. ಒಳಗೆ ಕ್ಯಾಬಿನ್ ಮುಂದಕ್ಕೆ ಬಗ್ಗಿಸಿಟ್ಟ ಲಾರಿ. ಅದರ ಎಂಜಿನ್ನಿಗೆ ಗಾಳಿ ಹೋಗುವ ಜಾಗದಲ್ಲಿ ತಿಳಿನೀಲಿ ಅಂಗಿಯೊಂದನ್ನು ತುರುಕಲಾಗಿತ್ತು, ಕಾಲರು ಹೊರಗೆ ಇಣುಕುತ್ತಿತ್ತು. ಪಕ್ಕದಲ್ಲಿ ಅರವತ್ತೈದು ದಾಟಿದ, ಗಿರಿಜಾಮೀಸೆಯ ಮನುಷ್ಯರೊಬ್ಬರು ಬರೀ ಬನೀನಿನಲ್ಲಿ ನಿಂತು ನೆಮ್ಮದಿಯಾಗಿ ಟೀ ಕುಡಿಯುತ್ತಿದ್ದರು.

ಟರ್ಬೊ ಎಂದರೆ ಎಂಜಿನ್ನಿಗೆ ಒತ್ತಿ ಗಾಳಿ ತುಂಬುವ ಯಂತ್ರ. ಎಂಜಿನ್ ಬಿಡುವ ಹೊಗೆಯೇ ಅದರ ಒಂದು ಚಕ್ರವನ್ನು ತಿರುಗಿಸುತ್ತದೆ, ಜೊತೆಗಿರುವ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಒಳಕ್ಕೆ ತಳ್ಳುತ್ತದೆ. ನಾನು ಶಿವಾಜಿನಗರದ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಿಕೊಡುವವಳು, ಇದನ್ನು ಬೋರ್ಡಿನ ಮೇಲೆ ಚಿತ್ರ ಬರೆದು ಒಂದು ಪೀರಿಯಡ್ ಎಳೆಯಬಲ್ಲೆ. ಪಿಳ್ಳಪ್ಪ ಒಂದೇ ಉಸಿರಿಗೆ ಮುಗಿಸುತ್ತಿದ್ದರು. “ಎಂಜಿನ್ ಒಲೆ, ಟರ್ಬೊ ಊದುಗೊಳವೆ. ಊದಿದ್ರೆ ಉರೀತದೆ. ಅಷ್ಟೆ ಟೀಚರಮ್ಮ.”

ಬಿಚ್ಚಿಟ್ಟ ಟರ್ಬೊದ ಬಾಯೊಳಗೆ ಒಂದು ಸಣ್ಣ ನಟ್ಟು ಬಿದ್ದರೂ ಚಕ್ರದ ರೆಕ್ಕೆಗಳು ಮುಕ್ಕಾಗುತ್ತವೆ. ಅದಕ್ಕೇ ಮೆಕ್ಯಾನಿಕ್‌ಗಳೆಲ್ಲ ಅಲ್ಲಿಗೆ ಬಟ್ಟೆ ತುರುಕುತ್ತಾರೆ, ಕೆಲವರು ಆ ಬಟ್ಟೆಯನ್ನು ತೆಗೆಯಲು ಮರೆತು ಎಂಜಿನ್ ಚಾಲೂ ಮಾಡಿ ತಲೆ ಚಚ್ಚಿಕೊಳ್ಳುತ್ತಾರೆ. ಪಿಳ್ಳಪ್ಪ ಇದಕ್ಕೆ ಕಂಡುಕೊಂಡ ಉಪಾಯವೇ ಆ ಅಂಗಿ. “ಚಿಂದಿ ಬಟ್ಟೆ ಯಾವನ್ ಬೇಕಾದ್ರೂ ಮರೀತಾನೆ. ಮೈಮೇಲಿನ ಅಂಗಿ ಮರೀತಾನಾ? ಬನೀನಲ್ಲಿ ಮನೇಗೋದ್ರೆ ನಮ್ಮೋಳು ಬಾಗ್ಲು ತೆಗೀತಾಳಾ?” ಮಳೆಯಿರಲಿ ಚಳಿಯಿರಲಿ, ಬಾಯಿ ತೆರೆದ ಎಂಜಿನ್ ಮುಂದೆ ಇರುವಷ್ಟು ಹೊತ್ತು ಅವರು ಬನೀನಿನಲ್ಲೇ. ನಲವತ್ತು ವರ್ಷದಲ್ಲಿ ತಮ್ಮ ಕೈಯಲ್ಲಿ ಒಂದೇ ಒಂದು ಟರ್ಬೊ ಬಟ್ಟೆ ತಿಂದಿಲ್ಲ ಎಂಬ ಮಾತನ್ನು ಅವರು ಕೇಳಿದವರಿಗೂ ಹೇಳುತ್ತಿದ್ದರು, ಕೇಳದವರಿಗೂ ಹೇಳುತ್ತಿದ್ದರು.

ನಿಜಕ್ಕೂ ಅವರಿಗೆ ದುಡಿಯುವ ದರ್ದೇ ಇರಲಿಲ್ಲ. ಅವರದು ಆ ಊರಿನ ಹಳೆಯ ಒಕ್ಕಲು ಮನೆತನ. ತಾತ ರಾಗಿ ಬೆಳೆದ ಹೊಲದಲ್ಲಿ ಈಗ ಮೂರಂತಸ್ತಿನ ಬಾಡಿಗೆ ರೂಮುಗಳು, ರಾಯಚೂರು ಯಾದಗಿರಿ ಕಡೆಯಿಂದ ಕೆಲಸಕ್ಕೆ ಬಂದ ಸಂಸಾರಗಳು ಅವುಗಳ ತುಂಬ. ಪಿಳ್ಳಪ್ಪ ಕಾಲಮೇಲೆ ಕಾಲು ಹಾಕಿಕೊಂಡು ಕೂರಬಹುದಿತ್ತು. ಅವರ ಹೆಂಡತಿ ಜಯಮ್ಮ ಬೇಡಿಕೊಳ್ಳುತ್ತಿದ್ದುದೂ ಅದನ್ನೇ. ದಿನಾ ಊಟದ ಡಬ್ಬಿ ಹಿಡಿದು ಶೆಡ್ಡಿಗೆ ಬರುವುದು, ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡುವುದು, ಬೈಯುವುದು. “ಈ ಮಸೀಲಿ ಅದೇನೈತೋ ಕಾಣೆ. ಮೀಸೇಗೂ ಗ್ರೀಸು, ಮುದ್ದೇಗೂ ಗ್ರೀಸು.” ಪಿಳ್ಳಪ್ಪ ತಲೆ ತಗ್ಗಿಸಿ ಮುದ್ದೆ ನುಂಗುತ್ತಿದ್ದರು.

ನಾನು ಅವರ ಬಳಿ ಹೋದದ್ದು ಅವಮಾನದಿಂದ. ನನ್ನದು ಸೆಕೆಂಡ್‌ಹ್ಯಾಂಡಿನಲ್ಲಿ ಕೊಂಡ ಕೆಂಪು ಪುಟ್ಟ ಕಾರು. ಕೃಷ್ಣರಾಜಪುರದ ತೂಗುಸೇತುವೆಯ ಏರಿನಲ್ಲಿ ಒಂದು ಸಂಜೆ ಅದರ ಟರ್ಬೊ ಪ್ರಾಣ ಬಿಟ್ಟಿತು. ಹಿಂದೆ ಬಸ್ಸು ಹಾರನ್ ಹೊಡೆಯುತ್ತಿತ್ತು. ಪಕ್ಕದಲ್ಲಿ ಹೋಗುತ್ತಿದ್ದ ಆಟೋದವನು, “ಅಕ್ಕಾ, ಇಳಿದು ನಡ್ಕೊಂಡು ಹೋಗಿ, ಬೇಗ ಸೇರ್ತೀರ” ಎಂದ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು. ಅಂದೇ ತೀರ್ಮಾನಿಸಿದೆ, ಹಾಕಿಸಿದರೆ ಹಳೆಯದಕ್ಕಿಂತ ದೊಡ್ಡ ಟರ್ಬೊವನ್ನೇ ಹಾಕಿಸಬೇಕು. ಶಿವಾಜಿನಗರದ ಬಿಡಿಭಾಗದ ಅಂಗಡಿಯಲ್ಲಿ ಅಂಥದ್ದೊಂದು ಸಿಕ್ಕಿತು, ಅದಕ್ಕೆ ಸರಿಹೊಂದುವ ಅಗಲವಾದ ಗಾಳಿಕೊಳವೆ, ಫಿಲ್ಟರ್ ಸಮೇತ. “ಲೇಡೀಸ್ ಗಾಡೀಗೆ ಇದ್ಯಾಕೆ ಮೇಡಂ?” ಎಂದ ಅಂಗಡಿಯವನಿಗೆ, “ಲೇಡೀಸ್ ನಾನು, ಗಾಡಿ ಅಲ್ಲ” ಎಂದು ಹೇಳಿ ಪೆಟ್ಟಿಗೆ ಎತ್ತಿಕೊಂಡು ಬಂದೆ.

ಪಿಳ್ಳಪ್ಪ ಆ ಟರ್ಬೊವನ್ನು ಅಂಗೈಯಲ್ಲಿಟ್ಟು ನೋಡಿ ಹೊಟ್ಟೆ ಕುಲುಕುವ ಹಾಗೆ ನಕ್ಕರು. “ಇದೇನಮ್ಮ, ಟರ್ಬೊನಾ, ಕಿವಿ ಓಲೆನಾ? ನಾನು ಲಾರಿಯೋನು. ಹೋಗು, ಬೇರೆ ಕಡೆ ನೋಡು.” ನಾನು ಹೋಗಲಿಲ್ಲ. ಮರುದಿನ ಶಾಲೆ ಬಿಟ್ಟ ಮೇಲೆ ಮತ್ತೆ ಹೋಗಿ ಅವರ ಟೂಲ್ ಪೆಟ್ಟಿಗೆಯ ಮೇಲೆ ಕೂತೆ. ಅದರ ಮರುದಿನವೂ ಕೂತೆ. ಮೂರನೆಯ ದಿನ ಅವರು ಸ್ಪ್ಯಾನರ್ ಕೆಳಗಿಟ್ಟು, ಯಾರೂ ಕೇಳಿಸಿಕೊಳ್ಳುತ್ತಿಲ್ಲವೆಂದು ಅತ್ತಿತ್ತ ನೋಡಿ, ತಗ್ಗಿದ ದನಿಯಲ್ಲಿ ಕೇಳಿದರು.

“ನಾನು ಇದನ್ನ ಕೂರ್ಸಿದ್ರೆ, ನೀನು ನನ್ನ ಕೂರಿಸ್ಕೊಂಡು ಹೋಗ್ತೀಯಾ?”

ಆಗ ತಿಳಿಯಿತು ಅವರ ಗುಟ್ಟು. ಪಿಳ್ಳಪ್ಪನವರಿಗೆ ಮೊಪೆಡ್ ಬಿಟ್ಟರೆ ಬೇರೆ ಗಾಡಿ ಓಡಿಸಲು ಬರುತ್ತಿರಲಿಲ್ಲ. “ನಾನು ಗಾಡಿ ಓಡ್ಸೋನಲ್ಲ, ಓಡೋ ಹಂಗೆ ಮಾಡೋನು” ಎಂದು ಮೀಸೆ ತಿರುವುತ್ತಿದ್ದರೇನೋ ನಿಜ. ಆದರೆ ಅವರು ಕೂರಿಸಿದ ಟರ್ಬೊಗಳೆಲ್ಲ ಲಾರಿಯ ಜೊತೆಗೆ ಮದರಾಸಿಗೋ ಬೆಜವಾಡಕ್ಕೋ ಹೊರಟುಹೋಗಿದ್ದವು. “ಎಳೆಯೋ ಸದ್ದನ್ನ ನಾನು ಹಿಂದೆ ನಿಂತ್ಕೊಂಡೇ ಕೇಳಿರೋದು. ಒಳಗಡೆ ಕೂತ್ರೆ ಎಂಗಿರ್ತದೋ ನಂಗೊತ್ತಿಲ್ಲ ಕಣಮ್ಮ.” ಅದಕ್ಕೆ ಈಗ ಉಳಿದಿರುವುದು ಒಂದೇ ವಾರವೆಂದೂ ಹೇಳಿದರು. ಕೊನೆಗೂ ಜಯಮ್ಮನವರ ಹಟಕ್ಕೆ ಒಪ್ಪಿ, ಶೆಡ್ಡು ಕೆಡವಿ ರೂಮು ಕಟ್ಟಿಸಲು ಮಾತು ಕೊಟ್ಟಿದ್ದರು. ಬರುವ ಸೋಮವಾರ ಪೂಜೆ, ಅಂದೇ ಕಂಟ್ರಾಕ್ಟರು ತಗಡು ಇಳಿಸುತ್ತಾನೆ. ಭಾನುವಾರ ಕರೆದುಕೊಂಡು ಹೋಗಿಯೇ ಹೋಗುತ್ತೇನೆ ಎಂದು ಮಾತು ಕೊಟ್ಟೆ.

ಆ ವಾರದಷ್ಟು ಸಂಭ್ರಮ ನನ್ನ ಮದುವೆಯ ವಾರದಲ್ಲೂ ಇರಲಿಲ್ಲ, ನನ್ನ ಗಂಡನಿಗೂ ಇದನ್ನು ಹೇಳಿದ್ದೇನೆ. ಹಳೆಯ ಟರ್ಬೊ ಕಳಚಿತು, ತುಕ್ಕು ಹಿಡಿದ ನಟ್ಟೊಂದು ಎರಡು ಸಂಜೆ ನುಂಗಿತು. ಹೊಸ ಕೊಳವೆ ಬ್ಯಾಟರಿಗೆ ತಗಲುತ್ತಿದ್ದರಿಂದ ಬ್ಯಾಟರಿಯನ್ನೇ ಎರಡು ಬೆರಳು ಸರಿಸಿದೆವು. ಎಂಜಿನ್ನಿನ ಪೆಟ್ರೋಲ್ ಪ್ರಮಾಣ ತಿದ್ದಲು ಮಾರತ್ತಹಳ್ಳಿಯಿಂದ ಒಬ್ಬರು ಲ್ಯಾಪ್‌ಟಾಪ್ ಹಿಡಿದು ಬಂದು, ಅರ್ಧ ಗಂಟೆ ಅದನ್ನೇ ನೋಡುತ್ತ ಬಾಯಲ್ಲೇ ಏನೋ ಮಣಮಣಿಸಿ ಹೋದರು. ಪಿಳ್ಳಪ್ಪ ಅವರನ್ನು ಪುರೋಹಿತ್ರು ಎಂದೇ ಕರೆದರು. ಹೊಸ ಟರ್ಬೊಗೆ ಮಾತ್ರ ತಾವೇ ಹನಿಹನಿಯಾಗಿ ಎಣ್ಣೆ ಕುಡಿಸಿ, ಕಿರುಬೆರಳಿನಲ್ಲಿ ಚಕ್ರ ತಿರುಗಿಸಿ ನೋಡಿದರು. “ಒಣ ಗಂಟ್ಲಲ್ಲಿ ಹಾಡು ಅಂದ್ರೆ ಯಾರ್ ಹಾಡ್ತಾರೆ?” ಎಂದರು.

ಶನಿವಾರ ಮಧ್ಯಾಹ್ನ ಟರ್ಬೊ ಕೂತಿತ್ತು, ಗಾಳಿಕೊಳವೆ ಸಿಕ್ಕಿಸುವುದಷ್ಟೇ ಬಾಕಿ. ಟರ್ಬೊದ ಬಾಯಲ್ಲಿ ನೀಲಿ ಅಂಗಿ. ಅಷ್ಟರಲ್ಲಿ ಬಾಡಿಗೆಯ ರೂಮಿನಿಂದ ರಾಯಚೂರಿನ ಹೆಣ್ಣುಮಗಳೊಬ್ಬಳು ಓಡಿ ಬಂದಳು. ಅವಳ ಮಗುವಿಗೆ ನಾಮಕರಣ. “ಯಜಮಾನ್ರ, ತೊಟ್ಲಾಗ ಹಾಕೂ ಹೊತ್ತಾತ್ರಿ, ನೀವು ಬರೂತನ ಹಾಕಂಗಿಲ್ಲ ಅಂತ ಕುಂತಾರ್ರಿ” ಎಂದಳು. ಬನೀನಿನಲ್ಲಿ ಹೋಗುವಂತಿಲ್ಲ. ಅಂಗಿ ತೆಗೆಯೋಣವೆಂದರೆ ಹೊರಗೆ ಮೆಟ್ರೋ ಕಾಮಗಾರಿಯ ಧೂಳು, ಟರ್ಬೊದ ಬಾಯಿಗೇ ಬೀಳುತ್ತದೆ. ಉಪಕಾರ ಮಾಡುವ ಚಟ ನನಗೆ ಹುಟ್ಟಿನಿಂದಲೇ ಬಂದದ್ದು. ನನ್ನ ಅಪ್ಪನಿಗೆಂದು ಕೊಂಡಿದ್ದ ಹೊಸ ಕೆನೆಬಣ್ಣದ ಅಂಗಿ ಡಿಕ್ಕಿಯಲ್ಲಿತ್ತು, ಪೊಟ್ಟಣ ಬಿಚ್ಚಿ ಅವರಿಗೆ ತೊಡಿಸಿ ಕಳಿಸಿದೆ.

ಪಿಳ್ಳಪ್ಪ ತಲೆಯ ಮೇಲೆ ಅಕ್ಷತೆ, ಕೈಯಲ್ಲಿ ಹೋಳಿಗೆ ಹಿಡಿದು ಮದುಮಗನಂತೆ ವಾಪಸ್ಸು ಬಂದರು. ಮಗುವಿನ ಕಿವಿಯಲ್ಲಿ ಹೆಸರು ಹೇಳುವಾಗ ಅದು ಅವರ ಮೀಸೆ ಹಿಡಿದು ಎಳೆಯಿತಂತೆ. ಆ ಕತೆ ಹೇಳುತ್ತ ಹೇಳುತ್ತ ಕೊಳವೆ ಸಿಕ್ಕಿಸಿದರು, ಕ್ಲಿಪ್ಪು ಬಿಗಿದರು. ನಾನು ನಗುತ್ತ ನಗುತ್ತ ಕೀ ತಿರುಗಿಸಿದೆ.

ಎಂಜಿನ್ ಒಮ್ಮೆ ಕೆಮ್ಮಿತು. ಆಮೇಲೆ ನೀರಿಲ್ಲದ ನಲ್ಲಿಯಂತೆ ಗೊರಗೊರ ಸದ್ದು ಬಂದು ತಾನಾಗಿಯೇ ನಿಂತಿತು. ಪಿಳ್ಳಪ್ಪ ಬಾನೆಟ್ಟಿನ ಮೇಲೆ ಕೈಯಿಟ್ಟು, ನಿಧಾನವಾಗಿ ತಲೆ ತಗ್ಗಿಸಿ, ತಮ್ಮ ಎದೆಯ ಮೇಲಿದ್ದ ಕೆನೆಬಣ್ಣದ ಅಂಗಿಯನ್ನು ನೋಡಿಕೊಂಡರು.

ಕೊಳವೆ ಕಳಚಿ ಎಳೆದಾಗ, ಚಕ್ರಕ್ಕೆ ಸುತ್ತಿಕೊಂಡಿದ್ದ ಅಂಗಿ ಎದೆಯ ಕಡೆ ಹರಿದು ಹೊರಬಂತು. ಅವರು ಟಾರ್ಚ್ ಹಿಡಿದು ಒಂದೊಂದೇ ರೆಕ್ಕೆಯನ್ನು ಬೆರಳ ತುದಿಯಿಂದ ಸವರಿದರು. ಯಾವುದಕ್ಕೂ ಗಾಯವಾಗಿರಲಿಲ್ಲ. ಉಸಿರು ಬಿಡುವಷ್ಟರಲ್ಲಿ ಅಂಗಿಯನ್ನು ನೆಲಕ್ಕೆ ಹಾಸಿ ಗುಂಡಿಗಳನ್ನು ಎಣಿಸಿದರು. ಆರು ಇರಬೇಕಾದಲ್ಲಿ ಐದಿದ್ದವು.

“ಒಳಕ್ಕೋಗೈತೆ” ಎಂದರು. “ಅದು ಸಿಗೋವರ್ಗೂ ಸ್ಟಾರ್ಟ್ ಮಾಡಂಗಿಲ್ಲ. ಎಂಜಿನ್ನೇ ಹೋಯ್ತದೆ.”

ಆ ಒಂದು ಗುಂಡಿಗಾಗಿ ನಾವು ಮಾಡದ ಕೆಲಸವಿಲ್ಲ. ಅಷ್ಟೂ ಕೊಳವೆಗಳನ್ನು ಬಿಚ್ಚಿ ಕುಟ್ಟಿದೆವು, ಕೊಡವಿದೆವು, ಊದಿದೆವು. ಗಾಳಿ ತಣಿಸುವ ಜಾಲರಿಯನ್ನು ಇಳಿಸಿ, ಇಬ್ಬರೂ ಆಚೀಚೆ ಹಿಡಿದು ಹುರಿಗಡಲೆ ಜರಡಿಯಂತೆ ಅಲ್ಲಾಡಿಸಿದೆವು. ನಾನು ಬ್ಯಾಗಿನಲ್ಲಿದ್ದ ಶಾಲೆಯ ಅಯಸ್ಕಾಂತಕ್ಕೆ ದಾರ ಕಟ್ಟಿ, ಬಹಳ ಜಾಣತನದಿಂದ ಕೊಳವೆಯೊಳಗೆ ಇಳಿಬಿಟ್ಟೆ. ಹತ್ತು ನಿಮಿಷ ನೋಡಿದ ಮೇಲೆ ಪಿಳ್ಳಪ್ಪ ಮರ್ಯಾದೆಯಿಂದ, “ಗುಂಡಿ ಪ್ಲಾಸ್ಟಿಕ್ಕು ಟೀಚರಮ್ಮ” ಎಂದರು.

ಸಂಜೆಯಾಯಿತು. ಎಲ್ಲವೂ ಬಿಚ್ಚಿ ಹರಡಿತ್ತು, ಗುಂಡಿ ಮಾತ್ರ ಇಲ್ಲ. ಪಿಳ್ಳಪ್ಪ ಟೈರಿನ ಮೇಲೆ ಕೂತುಬಿಟ್ಟರು. “ನಲವತ್ತು ವರ್ಷ ಕಾಪಾಡ್ಕೊಂಡು ಬಂದು, ಕೊನೇ ದಿನ ಹಿಂಗಾಯ್ತಲ್ಲ” ಎಂದರು. ತಪ್ಪು ನನ್ನದೇ, ಹೊಸ ಅಂಗಿ ಕೊಟ್ಟು ಕೆಡಿಸಿದವಳು ನಾನೇ ಎಂದು ನಾನು ಅಳುವುದೊಂದು ಬಾಕಿ. ಆಗ ಜಯಮ್ಮ ಕಾಫಿ ತಂದರು. ಎಣ್ಣೆಯಲ್ಲಿ ಮಿಂದ ನಮ್ಮಿಬ್ಬರನ್ನೂ ನೋಡಿದರು, ನೆಲದ ಮೇಲೆ ಹೆಣದಂತೆ ಮಲಗಿದ್ದ ನೀಲಿ ಅಂಗಿಯನ್ನೂ ನೋಡಿದರು. ಏನು ಹುಡುಕುತ್ತಿದ್ದೇವೆಂದು ಕೇಳಿದರು. ಹೇಳಿದೆವು.

“ಕೆಳಗಡೆಯಿಂದ ಎರಡ್ನೇದಾ?” ಎಂದರು ಜಯಮ್ಮ. “ಅದು ದೀಪಾವಳೀಲೇ ಕಿತ್ತೋಗಿತ್ತು. ಬಿಚ್ಚಿಕೊಡ್ರಿ ಹೊಲೀತೀನಿ ಅಂತ ದಿನಾ ಬಡ್ಕೊಂತಿಲ್ವಾ ನಾನು? ನೀವು ಮನೇಲಿ ಅಂಗಿ ಬಿಚ್ಚೋದಿಲ್ಲ, ಇಲ್ಲಿ ಹಾಕೋದಿಲ್ಲ.”

ಮೊದಲು ನಕ್ಕದ್ದು ಯಾರೆಂದು ನೆನಪಿಲ್ಲ. ನಾನು ನಕ್ಕು ನಕ್ಕು ನೆಲದ ಮೇಲೆಯೇ ಕೂತೆ. ಪಿಳ್ಳಪ್ಪ ಕಣ್ಣೊರೆಸಲು ಹೋಗಿ ಮುಖಕ್ಕೆಲ್ಲ ಮಸಿ ಬಳಿದುಕೊಂಡರು. ಆಮೇಲೆ ಕೆನೆಬಣ್ಣದ ಅಂಗಿಯನ್ನು ಕಳಚಿ ಮೊಳೆಗೆ ನೇತುಹಾಕಿ, ಬನೀನಿನಲ್ಲಿ ನಿಂತು ಮತ್ತೆ ಎಲ್ಲವನ್ನೂ ಜೋಡಿಸಿದರು.

ಭಾನುವಾರ ಬೆಳಿಗ್ಗೆ ಹೊಸಕೋಟೆಯ ಆಚೆಗೆ ಹೋದೆವು. ಅಲ್ಲಿ ಪಿಳ್ಳಪ್ಪನವರ ಭಾಮೈದನ ಲೇಔಟ್ ಇತ್ತು. ಅಗಲವಾದ ನೇರ ಟಾರು ರಸ್ತೆ, ಗೇಟು, ಕಾರಂಜಿ ಎಲ್ಲ ಇದ್ದರೂ ಸೈಟು ಕೊಂಡವರು ಒಬ್ಬರೂ ಇರಲಿಲ್ಲ. ಜಯಮ್ಮನೂ ಚಿತ್ರಾನ್ನದ ಡಬ್ಬಿಯೊಂದಿಗೆ ಬಂದಿದ್ದರು. ಅವರನ್ನು ಗೇಟಿನ ಹತ್ತಿರ ಇಳಿಸಿ, ಪಿಳ್ಳಪ್ಪನವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಎರಡನೇ ಗೇರಿನಲ್ಲಿ ಪೆಡಲನ್ನು ಪೂರ್ತಿ ಒತ್ತಿದೆ.

ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಸಣ್ಣ ಸಿಳ್ಳು ಎದ್ದಿತು, ಸಿಳ್ಳಿನ ಹಿಂದೆಯೇ ಯಾರೋ ಬೆನ್ನಿಗೆ ಕೈಯಿಟ್ಟು ನೂಕಿದ ಹಾಗೆ ಕಾರು ನುಗ್ಗಿತು. ಸೈಟಿನ ಕಲ್ಲುಗಳೆಲ್ಲ ಹಿಂದಕ್ಕೆ ಓಡಿದವು. ನಾನು ಕಿರುಚಿಕೊಂಡೆ. ಪಿಳ್ಳಪ್ಪ ಎರಡೂ ಕೈಯಲ್ಲಿ ಸೀಟು ಹಿಡಿದು, ಬಾಯಿ ತೆರೆದುಕೊಂಡು ಕೂತಿದ್ದರು. ರಸ್ತೆ ಮುಗಿದಲ್ಲಿ ನಾನು ಕಾರು ತಿರುಗಿಸಿದೆ. ಗೇಟಿಗೆ ವಾಪಸ್ಸು ಬಂದ ಮೇಲೆ ಪಿಳ್ಳಪ್ಪ ಇಳಿದು, ಬಾಗಿಲನ್ನು ಹಾಗೇ ತೆರೆದು ಹಿಡಿದು, “ಜಯಾ, ನೀನು ಹತ್ತು” ಎಂದರು.

ಜಯಮ್ಮ ಬೇಡವೆಂದರು, ವಯಸ್ಸಾಯ್ತು ಎಂದರು, ಚಿತ್ರಾನ್ನ ಆರಿಹೋಗುತ್ತದೆ ಎಂದರು, ಹತ್ತಿದರು. ನಾನು ಹಾಗೆಯೇ ಒತ್ತಿದೆ. ಅವರು ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡು ಕಿಲಕಿಲ ನಗತೊಡಗಿದರು. ಇಳಿದ ಮೇಲೆ ಸೆರಗು ಸರಿಮಾಡಿಕೊಂಡು ಗಂಡನ ಮುಂದೆ ಹೋಗಿ ನಿಂತರು.

“ನಲವತ್ತು ವರ್ಷದಿಂದ ಮಾಡ್ತಿದ್ದಿದ್ದು ಇದನ್ನಾ ನೀವು? ನಂಗ್ಯಾಕೆ ಹೇಳ್ಲಿಲ್ಲ?”

“ನಂಗೂ ಇವತ್ತೇ ಗೊತ್ತಾಗಿದ್ದು ಕಣೇ” ಎಂದರು ಪಿಳ್ಳಪ್ಪ.

ಸೋಮವಾರ ತಗಡು ಇಳಿಸಲು ಬಂದ ಕಂಟ್ರಾಕ್ಟರನ್ನು ವಾಪಸ್ಸು ಕಳಿಸಿದವರು ಜಯಮ್ಮನೇ. ಶೆಡ್ಡು ಇನ್ನೂ ಎರಡು ವರ್ಷ ನಡೆಯಿತು. ಇಂದಿರಾನಗರದ ಕಡೆಯಿಂದ ಸಣ್ಣ ಕಾರುಗಳೂ ಬರತೊಡಗಿದವು. ಒಂದೊಂದು ಕೆಲಸ ಮುಗಿದಾಗಲೂ ಗಂಡ ಹೆಂಡತಿ ಇಬ್ಬರನ್ನೂ ಒಂದು ಸುತ್ತು ಕರೆದುಕೊಂಡು ಹೋಗಬೇಕು, ಅದು ಶೆಡ್ಡಿನ ಕಾನೂನು.

ಹೋದ ಕಾರ್ತಿಕದಲ್ಲಿ ಪಿಳ್ಳಪ್ಪ ನಿದ್ದೆಯಲ್ಲೇ ಹೋದರು. ತಿಥಿಯ ಮರುದಿನ ನಾನು ಮನೆಗೆ ಹೋದಾಗ ನೆಂಟರೆಲ್ಲ ಜಯಮ್ಮನ ಸುತ್ತ ಕೂತು ಗುಸುಗುಸು ಮಾತಾಡುತ್ತಿದ್ದರು. ಹೆಣ ಎತ್ತಿದಾಗಲೂ ಆಕೆ ಅತ್ತಿರಲಿಲ್ಲ, ಇನ್ನೂ ಅತ್ತಿಲ್ಲ, ಎದೆ ಒಡೆದೀತೆಂದು ಎಲ್ಲರಿಗೂ ಹೆದರಿಕೆ. ಜಯಮ್ಮ ನನ್ನನ್ನು ನೋಡಿ, “ಗಾಡಿ ತಂದಿದ್ದೀಯಾ?” ಎಂದು ಕೇಳಿ ಎದ್ದರು.

ಇಬ್ಬರೇ ಹೊಸಕೋಟೆ ದಾಟಿ ಹೋದೆವು. ಲೇಔಟಿನ ಸೈಟುಗಳು ಇನ್ನೂ ಮಾರಾಟವಾಗಿರಲಿಲ್ಲ. ನೇರ ರಸ್ತೆಗೆ ತಿರುಗಿದ ಮೇಲೆ ಜಯಮ್ಮ ಬೆಲ್ಟನ್ನು ಒಮ್ಮೆ ಎಳೆದು ನೋಡಿಕೊಂಡು, “ಈಗ ಒತ್ತು” ಎಂದರು. ಒತ್ತಿದೆ. ಸಿಳ್ಳು ಎದ್ದಿತು, ಕಾರು ನುಗ್ಗಿತು, ಜಯಮ್ಮ ದೊಡ್ಡ ದನಿ ತೆಗೆದು ಅತ್ತರು. ಪೆಡಲಿನ ಮೇಲೆ ನನ್ನ ಕಾಲು ಸಡಿಲವಾಗುವುದು ಅವರಿಗೆ ಗೊತ್ತಾಯಿತು.

“ತೆಗೀಬೇಡ ಕಣಮ್ಮ, ತೆಗೀಬೇಡ” ಎಂದರು. ನಾನು ತೆಗೆಯಲಿಲ್ಲ.