ಪರೀಕ್ಷೆಗೆ ಒಬ್ಬರು ಸಾಯಬೇಕಿತ್ತು

ಗೆಳೆಯರೇ, ಇವತ್ತು ನಮ್ಮ ಸಿಂದಗಿ ಆಫೀಸಿನಲ್ಲಿ ಒಂದು ಟೆಸ್ಟ್ ಫೈಲಿಗಾಗಿ ಜಗಳವಾಯಿತು. ಜಮೀನಿನ ಮಾಲೀಕ ತೀರಿಕೊಂಡರೆ ವಾರಸುದಾರರ ಹೆಸರು ದಾಖಲೆಗೆ ತಾನಾಗಿ ಏರಬೇಕು, ಅಂಥ ಸಾಫ್ಟ್‌ವೇರ್ ನಮ್ಮದು. ಅದನ್ನು ಪರೀಕ್ಷಿಸಲು ನಾನೂ ಸಹೋದ್ಯೋಗಿ ಮಲ್ಲಪ್ಪನೂ ನಮ್ಮೂರು ಕನ್ನೊಳ್ಳಿಯವರ ಹೆಸರುಗಳನ್ನೇ ತುಂಬಿದ್ದೆವು. ಬೆಳಿಗ್ಗೆ ನಾನು ಕಣ್ಣಿಗೆ ಬಿದ್ದ ಒಂದು ಹೆಸರಿನ ಮುಂದೆ ‘ಮೃತ’ ಎಂದು ಹಾಕಿ ಹೊಸ ಆವೃತ್ತಿ ಉಳಿಸಿದೆ. ಇಪ್ಪತ್ತು ಜಿಬಿಯ ಡಿಸ್ಕ್ ತುಂಬಿತ್ತು, ಹಳೆಯ ಆವೃತ್ತಿಯನ್ನು ಅಳಿಸಹೊರಟೆ.

ಮಲ್ಲಪ್ಪ ನನ್ನ ಕೈ ಹಿಡಿದ. “ಅದು ನಮ್ಮಪ್ಪನ ಹೆಸರೈತ್ರಿ. ಅಂವ ದವಾಖಾನ್ಯಾಗ ಮಲಗ್ಯಾನ.”

“ಟೆಸ್ಟ್ ಫೈಲ್ ಐತಲೋ ಮಲ್ಲಪ್ಪ, ಖರೇ ಅಲ್ಲ.”

“ಹಂಗಾರ ನಿಮ್ಮಪ್ಪಾರ ಹೆಸರಿಗೆ ಹಾಕ್ರಿ.”

ಹಾಕಲು ಕುಳಿತೆ. ಬೆರಳು ಏಳಲಿಲ್ಲ. ಬೆಳಗಿನ ಆವೃತ್ತಿಯನ್ನು ಅಳಿಸಿ, ಹಳೆಯದರ ಪ್ರತಿ ತೆಗೆದು, ಅದರಲ್ಲಿ ನನ್ನ ಹೆಸರಿನ ಮುಂದೆಯೇ ‘ಮೃತ’ ಎಂದು ಬರೆದೆ. ಕ್ಷಣದಲ್ಲಿ ನನ್ನ ಹೊಲ ಮಗಳ ಹೆಸರಿಗೆ ಏರಿತು. ಪರೀಕ್ಷೆ ಪಾಸು.

ಡಿಸ್ಕ್ ಮತ್ತೆ ತುಂಬಿದೆ, ಹಳೆಯ ಫೈಲ್ ಅಳಿಸು ಎಂದು ಕಂಪ್ಯೂಟರ್ ಕಾಡುತ್ತಿದೆ. ಅಳಿಸಿಲ್ಲ. ಅದರಲ್ಲಿ ಕನ್ನೊಳ್ಳಿಯವರೆಲ್ಲ ಬದುಕಿದ್ದಾರೆ, ನನ್ನನ್ನೂ ಸೇರಿಸಿ.