ಮಗ್ಗಕ್ಕಿಂತ ಮೊದಲು ಬಂದ ಸದ್ದು

ನಾನು ಇಂಥದ್ದನ್ನು ನಂಬುವವಳಲ್ಲ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು, ಅದೂ ಎಲೆಕ್ಟ್ರಾನಿಕ್ಸ್‌ನಲ್ಲಿ. ಅಪ್ಪ, ಅವ್ವ ಸೂಡಿಯಲ್ಲಿ ಕಂಡವರ ಹೊಲದಲ್ಲಿ ಕಳೆ ತೆಗೆಯುತ್ತಿದ್ದರು. ನಾನು ಗಜೇಂದ್ರಗಡದಲ್ಲಿ ದೊಡ್ಡವ್ವನ ಮನೆಯಲ್ಲಿದ್ದು ಓದಿದೆ. ಆಕೆ ನೇಯ್ದಳು, ನಾನು ಓದಿದೆ, ಅಷ್ಟೇ. ಯಾರಾದರೂ ದೆವ್ವದ ಮಾತು ತೆಗೆದರೆ, ಎಲ್ಲಿಯೋ ವಾಯರ್ ಲೂಸ್ ಇರಬೇಕು ನೋಡಿ ಎಂದು ನಕ್ಕು ಬಿಡುತ್ತಿದ್ದೆ. ಈಗ ಹಾಗೆ ನಗುವುದಿಲ್ಲ. ನಂಬುತ್ತೇನೆ ಎಂದೂ ಹೇಳಲಾರೆ.

ನರಗುಂದದ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಸೇರಿ ಎರಡು ವರ್ಷವಾಗಿತ್ತು. ಬಿಡುವಿನಲ್ಲಿ ಒಂದು ಹುಚ್ಚು ಹಚ್ಚಿಕೊಂಡಿದ್ದೆ: ಮಾಡ್ಯುಲರ್ ಸಿಂಥಸೈಜರ್. ಅಂಗೈಯಗಲದ ಸರ್ಕ್ಯೂಟುಗಳನ್ನು ಒಂದೊಂದಾಗಿ ಬೆಸುಗೆ ಹಾಕಿ, ಚೌಕಟ್ಟಿನಲ್ಲಿ ಕೂರಿಸಿ, ವಾಯರುಗಳಿಂದ ಜೋಡಿಸಿ ಸದ್ದು ಹುಟ್ಟಿಸುವ ಯಂತ್ರ ಅದು. ಅದರಲ್ಲಿ ಸದ್ದುಗಳನ್ನು ಬೆರೆಸುವ ಮಿಕ್ಸರ್ ಒಂದನ್ನೇ ನಾನು ಕೊಂಡು ತಂದದ್ದು. ನರಗುಂದದ ಹವ್ಯಾಸಿ ನಾಟಕದವರು ಮಗ್ಗದ ಸದ್ದಿನಿಂದ ಹಿನ್ನೆಲೆ ಸಂಗೀತ ಮಾಡಿಕೊಡಿ ಎಂದು ಕೇಳಿದರು. ಒಂದು ಭಾನುವಾರ ಎಲ್ಲ ಸಾಮಾನು ಚೀಲಕ್ಕೆ ತುಂಬಿಕೊಂಡು, ರೋಣದಲ್ಲಿ ಬಸ್ಸು ಬದಲಿಸಿ ದೊಡ್ಡವ್ವನ ಮನೆಗೆ ಬಂದೆ.

ದೊಡ್ಡವ್ವನದು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವುದು. ನಾನು ಮೈಕು ಇಡುವುದನ್ನು ನೋಡಿ ಆಕೆಗೆ ನಗು ತಡೆಯಲಾಗಲಿಲ್ಲ.

"ಏನವಾ, ಇದನ್ನ ಕೇಳಾಕ ಅಷ್ಟ್ ದೊಡ್ಡ ಸಾಲಿ ಕಲ್ತಿ? ಸಣ್ಣಾಕಿದ್ದಾಗ ಈ ಗದ್ಲಕ್ಕ ನಿದ್ದಿ ಬರವಲ್ದು ಅಂತ ಅಳ್ತಿದ್ದೆಲ್ಲ!"

"ಸುಮ್ನ ನೇಯಿ ದೊಡ್ಡವ್ವಾ. ನಿನ್ನ ಮಾತೂ ರೆಕಾರ್ಡ್ ಆಗ್ತಾವು."

"ಆಗ್ಲಿ ಬಿಡು. ನಾಟಕದಾಗ ನನಗೂ ಒಂದು ಪಾರ್ಟು ಸಿಗ್ತೈತಿ."

ನಾನು ಜೋಡಿಸಿದ್ದ ರೀತಿಯನ್ನು ಇಲ್ಲಿ ಹೇಳಲೇಬೇಕು. ಮೈಕಿನ ಸದ್ದು ಮಿಕ್ಸರಿನಲ್ಲಿ ಎರಡು ದಾರಿ ಹಿಡಿಯುತ್ತಿತ್ತು. ಒಂದು ನೇರವಾಗಿ ರೆಕಾರ್ಡಿಂಗಿಗೆ. ಇನ್ನೊಂದು ಪ್ರತಿಧ್ವನಿ ಹುಟ್ಟಿಸುವ ಮಾಡ್ಯೂಲಿಗೆ ಹೋಗಿ, ತಿರುಗಿ ಬಂದು, ನನ್ನ ಹೆಡ್‌ಫೋನಿನಲ್ಲಿ ಮಾತ್ರ ಕೇಳಿಸುತ್ತಿತ್ತು. ಸಂಗೀತ ಮುಂದೆ ಹೇಗಾದೀತು ಎಂದು ಅಂದಾಜು ಮಾಡಲು ಹಾಗೆ ಮಾಡಿದ್ದೆ. ಆದ್ದರಿಂದ ನಾನು ಕೇಳಿದ್ದನ್ನು ಬೇರೆ ಯಾರೂ ಕೇಳಿಲ್ಲ, ಅದು ಎಲ್ಲಿಯೂ ಉಳಿದಿಲ್ಲ.

ಮಧ್ಯಾಹ್ನ ಮೂರು ಗಂಟೆ ಇರಬಹುದು. ಬಾಗಿಲಲ್ಲಿ ಬಿಸಿಲಿತ್ತು. ಲಾಳಿ ಹಾಯುತ್ತಿತ್ತು, ಎಳೆಯನ್ನು ಒತ್ತುವ ಹಣಿಗೆ ಬಡಿಯುತ್ತಿತ್ತು, ಪ್ರತಿಧ್ವನಿ ಅದರ ಬೆನ್ನಿಗೇ ಬರುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಏನೋ ತಪ್ಪಿದೆ ಅನಿಸಿ ತಲೆಯೆತ್ತಿದೆ. ದೊಡ್ಡವ್ವನ ಕೈ ಇನ್ನೂ ಮುಂದೆ ಚಾಚಿಯೇ ಇತ್ತು, ಏಟು ನನ್ನ ಕಿವಿಗೆ ಬಿದ್ದಾಗಿತ್ತು. ಆಮೇಲೆ ಕೈ ಎಳೆದಳು. ಮುಂದಿನ ಏಟೂ ಹಾಗೆಯೇ ಬಂತು. ಕಿವಿ ದಣಿದಿರಬೇಕು ಅಂದುಕೊಂಡೆ. ಪ್ರತಿಧ್ವನಿ ಎಷ್ಟು ತಡವಾಗಿ ಬರಬೇಕೆನ್ನುವ ಗುಂಡಿಯನ್ನು ಪೂರ್ತಿ ಇಳಿಸಿದೆ. ಆದರೂ ಅದು ಮೊದಲೇ ಬರುತ್ತಿತ್ತು. ತಿರುಗಿ ಬರುವ ಸದ್ದೊಂದನ್ನೇ ಕೇಳೋಣವೆಂದು ಹೆಡ್‌ಫೋನಿನಲ್ಲಿ ಉಳಿದದ್ದನ್ನೆಲ್ಲ ಮುಚ್ಚಿದೆ. ಅಲ್ಲಿ ಮಗ್ಗ ತನ್ನಷ್ಟಕ್ಕೆ ತಾನು ಮುಂದೆ ಮುಂದೆ ಓಡುತ್ತಿತ್ತು. ಆಮೇಲೆ ಯಾರೋ ಉಸಿರು ಎಳೆದುಕೊಂಡ ಸದ್ದು. ಒಂದು ಎಳೆ ಹರಿದ ಸದ್ದು. ಮುಂದೆ ಏನೂ ಇಲ್ಲ.

ಯಂತ್ರದ ಮೇಲಿನ ಕಣ್ಣು ತೆಗೆಯದೆಯೇ ಕೇಳಿದೆ, "ಯಾಕ ನಿಲ್ಲಿಸಿದಿ ದೊಡ್ಡವ್ವಾ?" ಕೇಳಿ ಹೆಡ್‌ಫೋನ್ ಕೆಳಗಿಳಿಸಿದೆ.

"ಎಲ್ಲಿ ನಿಲ್ಲಿಸೇನಿ? ನಡದೈತಲ್ಲ! ಕಿವ್ಯಾಗ ಬುಟ್ಟಿ ಇಟ್ಕೊಂಡು ಕಿವುಡಿ ಆದೇನು?"

ಇಲ್ಲಿ ನಾನು ಮಾಡಿದ್ದನ್ನು ಮುಚ್ಚಿಡುವುದಿಲ್ಲ. ಅಂಜಿದ್ದೆ. ಆಗ ಎದ್ದು ಆಕೆಯ ಹತ್ತಿರ ಹೋಗಬೇಕಿತ್ತು. ಹೋಗಲಿಲ್ಲ. ಕಲಿತವಳಲ್ಲವೇ, ಪ್ರತಿಧ್ವನಿಯ ವಾಯರುಗಳನ್ನು ನೋಡಿದೆ. ಒಂದನ್ನು ಕಿತ್ತು, ಸೆರಗಿನಿಂದ ಒರೆಸಿ, ಮತ್ತೆ ಚುಚ್ಚಿದೆ. ಎರಡನೆಯದನ್ನು ಕೀಳುವಷ್ಟರಲ್ಲಿ ಕೋಣೆಯಲ್ಲಿ ಆ ಉಸಿರು ಕೇಳಿಸಿತು, ಆ ಎಳೆ ಹರಿಯಿತು. ತಿರುಗಿ ನೋಡಿದರೆ ದೊಡ್ಡವ್ವ ನೇಯ್ದ ಬಟ್ಟೆಯ ಮೇಲೆ ಒರಗಿದ್ದಳು. ಬಾಯಿ ಒಂದು ಕಡೆ ಎಳೆದಿತ್ತು. ಕಣ್ಣು ತೆರೆದೇ ಇದ್ದವು, ನನ್ನನ್ನೇ ನೋಡುತ್ತಿದ್ದವು.

ಕೂಗಿಕೊಂಡೆ. ಪಕ್ಕದ ಮನೆಯ ಕಸ್ತೂರೆವ್ವ ಓಡಿಬಂದಳು. ಇಬ್ಬರೂ ಸೇರಿ ಕುಣಿಯಿಂದ ಎಳೆದು ಆಟೋದಲ್ಲಿ ದವಾಖಾನೆಗೆ ಒಯ್ದೆವು. ಲಕ್ವಾ ಎಂದರು. "ಲಗೂ ತಂದೀರಿ, ಛಲೋ ಆತು. ಜೀವಕ್ಕ ಧಕ್ಕಿ ಇಲ್ರಿ" ಎಂದು ಡಾಕ್ಟರು ಬೆನ್ನು ತಟ್ಟಿದರು. ಓಣಿಯವರೂ ನನ್ನನ್ನೇ ಹೊಗಳಿದರು, ಮನೆಯಲ್ಲಿ ಕಲಿತವರೊಬ್ಬರು ಇರಬೇಕು ನೋಡು ಎಂದು. ನನಗೆ ತಲೆ ಎತ್ತಲಾಗಲಿಲ್ಲ.

ವಾರದ ಮೇಲೆ ಬಾಗಿಲು ಹಾಕಿಕೊಂಡು ರೆಕಾರ್ಡಿಂಗ್ ಕೇಳಿದೆ. ಅದರಲ್ಲಿ ಎಲ್ಲವೂ ಸರಿಯಾಗಿದೆ, ಯಾವುದೂ ಮೊದಲೇ ಬಂದಿಲ್ಲ. ಆದರೆ ನನ್ನ ದನಿ ಇದೆ. ಯಾಕ ನಿಲ್ಲಿಸಿದಿ ಎಂದು ಕೇಳುತ್ತಿದ್ದೇನೆ, ಹಿಂದೆ ಮಗ್ಗ ಚೆನ್ನಾಗಿ ಬಡಿಯುತ್ತಿದೆ. ದೊಡ್ಡವ್ವ ಬೈದು ನಗುತ್ತಾಳೆ. ಅದಾದ ಮೇಲೆ ಹತ್ತೊಂಬತ್ತು ಏಟು. ಹತ್ತೊಂಬತ್ತನೆಯದರ ಬೆನ್ನಿಗೇ ಆ ಉಸಿರು. ಕಿವಿಯ ಭ್ರಮೆ ಎಂದುಕೊಳ್ಳೋಣವೆಂದರೆ ಆ ಪ್ರಶ್ನೆಯನ್ನು ಮಗ್ಗ ನಿಲ್ಲುವ ಮೊದಲೇ ನಾನು ಕೇಳಿದ್ದೇನೆ. ಮಾಡ್ಯೂಲನ್ನು ಬಿಚ್ಚಿ ನೋಡಿದೆ. ನನಗಿಂತ ಹೆಚ್ಚು ತಿಳಿದವರಿಗೂ ತೋರಿಸಿದೆ. ಬಂದ ಸದ್ದನ್ನು ಅದು ತಡಮಾಡಿ ಕೊಡಬಲ್ಲದು, ಬಾರದ ಸದ್ದನ್ನು ಎಲ್ಲಿಂದ ತಂದೀತು?

ದೊಡ್ಡವ್ವ ಉಳಿದಳು. ಬಲಗೈ ಮಾತ್ರ ಏಳುವುದಿಲ್ಲ. ಮಗ್ಗದ ಮೇಲೆ ಹಳೆಯ ಸೀರೆ ಹೊದಿಸಿದೆ. ಮಾತು ತೊದಲುತ್ತದೆ, ನೆನಪು ಚುರುಕಾಗಿದೆ. ಹೋದ ಸಲ ಊಟಕ್ಕೆ ಕೂತಾಗ ಎಡಗೈಯಿಂದ ನನ್ನ ಮುಂಗೈ ಹಿಡಿದಳು.

"ನಾ ನಿಲ್ಲಿಸೂ ಮೊದ್ಲ ಯಾಕ ನಿಲ್ಲಿಸಿದಿ ಅಂತ ಕೇಳಿದಿ. ನಿನಗ ಹ್ಯಾಂಗ ಗೊತ್ತಾತವಾ?"

ನನಗೆ ಗೊತ್ತಿಲ್ಲ ಎಂದೆ. ಅದು ಖರೆಯೇ. ಆಕೆ ಕೈ ಬಿಡಲಿಲ್ಲ. ನನ್ನ ಮುಖವನ್ನೇ ನೋಡುತ್ತ, ಮೆಲ್ಲಗೆ ಕೇಳಿದಳು.

"ಈಗೇನರ ಕೇಳಸ್ತೈತೇನು?"